ಬೆಳ್ಳಗಾದ ಕೂಸು

ನಮ್ಮ ಮನೆಯಲ್ಲಿ ಎಲ್ಲರೂ ಕಪ್ಪು. ಕರೆಂಟ್ ಹೋದರೆ ಹಲ್ಲು ನೋಡಿ ಗುರುತು ಹಿಡಿಯಬೇಕು. ಅಂಥದ್ದರಲ್ಲಿ ತಂಗಿಯ ಮಗಳು ಹುಟ್ಟಿದ ಮೇಲೆ ಬರಬರುತ್ತ ಬೆಳ್ಳಗಾಗತೊಡಗಿದಾಗ ಅವ್ವನನ್ನು ಹಿಡಿಯುವವರೇ ಇರಲಿಲ್ಲ. ನಾರಾಯಣಖೇಡದ ನಮ್ಮ ಓಣಿಯವರನ್ನೆಲ್ಲ ಕರೆದು, "ನೋಡ್ರಿ, ನನ್ನ ಮೊಮ್ಮಗಳು ಹ್ಯಾಂಗ ಬೆಳ್ಳಗ, ಗೋರಿ ಆಗ್ಯಾಳ!" ಎನ್ನುತ್ತಿದ್ದಳು. ದೃಷ್ಟಿ ತಾಗದಿರಲೆಂದು ಗಲ್ಲಕ್ಕೆ ಕಾಡಿಗೆ ಬೊಟ್ಟು ಬೇರೆ. ನಾನೇನು ಕಡಿಮೆಯಿಲ್ಲ, ಅದೇ ವಯಸ್ಸಿನ ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿ, "ಇದ್ದಿಲು ನಮ್ಮ ಪಾಲಿಗೆ ಬಂತು" ಎಂದು ಚ್ಯಾಷ್ಟಿ ಮಾಡುತ್ತಿದ್ದೆ.

ಪಂಚಮಿಗೆ ಇಬ್ಬರ ಅಂಗೈಗೂ ಗೋರಂಟಿ ಹಚ್ಚಿದೆ. ತೊಳೆಯುವಾಗ ಎರಡು ಕೈ ಅಕ್ಕಪಕ್ಕ ಬಂದವು. ಮಗನ ಅಂಗೈಯಲ್ಲಿ ಬಣ್ಣದ ಸುತ್ತ ನಸುಗೆಂಪು. ಕೂಸಿನದು ಸುಣ್ಣದ ಹಾಗೆ. ಉಗುರು ನೋಡಿದೆ, ತುಟಿ ನೋಡಿದೆ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಎಲ್ಲೂ ಕೆಂಪಿಲ್ಲ. ನನಗೆ ಹೆದರಿಕೆಯಾಯಿತು.

ಮರುದಿನವೇ ಜಹೀರಾಬಾದಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ಒತ್ತಿ, ಎಡಗಡೆ ಗುಲ್ಮ ಊದಿದೆ ಎಂದರು. ರಕ್ತ ತೆಗೆಯಲು ಸೂಜಿ ಚುಚ್ಚಿದರೆ ಕೂಸಿಗೆ ಅಳುವ ತ್ರಾಣವೂ ಇಲ್ಲ, ತಂಗಿಯ ಹೆಗಲಿಗೆ ಒರಗಿ ಕುಂಯ್ ಎಂದಿತು, ಅಷ್ಟೇ.

"ತಾಯಿ ತಂದೆ ಸಂಬಂಧದವರಾ?" ಡಾಕ್ಟರು ಕೇಳಿದರು.

"ಹೊರಗಿನ ರಕ್ತ ಅಲ್ಲರಿ," ಅವ್ವ ಹೆಮ್ಮೆಯಿಂದ ಹೇಳಿದಳು. "ನನ್ನ ಸ್ವಂತ ತಮ್ಮಗೇ ಮಗಳನ್ನ ಕೊಟ್ಟೀನಿ."

ಡಾಕ್ಟರು ಅದನ್ನೂ ಚೀಟಿಯಲ್ಲಿ ಬರೆದುಕೊಂಡರು.

ರಿಪೋರ್ಟು ಬಂತು. ತಲಸೀಮಿಯಾ. ತಂದೆ ತಾಯಿ ಇಬ್ಬರ ರಕ್ತದಲ್ಲೂ ಸದ್ದಿಲ್ಲದೆ ಇದ್ದ ಕೊರತೆ ಕೂಸಿಗೆ ಎರಡೂ ಕಡೆಯಿಂದ ಬಂದಿತ್ತು. ಆಗಾಗ ರಕ್ತ ಹಾಕಿಸುತ್ತಿದ್ದರೆ ಮಾತ್ರ ಉಳಿಯುತ್ತದೆ ಎಂದರು. ಅವ್ವ ಅವತ್ತು ಊಟ ಮುಟ್ಟಲಿಲ್ಲ. "ನನ್ನಿಂದೇ ಆತು" ಎಂದು ಒಂದೇ ಸಮ ಹೇಳುತ್ತಿದ್ದಳು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಬರಲಿಲ್ಲ. ಅವ್ವನ ಮಗ್ಗುಲಲ್ಲಿ ಹೋಗಿ ಕೂತೆ.

ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಸಲ ರಕ್ತ ಹಾಕಿದರು. ಅವ್ವ ಕೂಸಿನ ಮಂಚದ ಪಕ್ಕದಿಂದ ಏಳಲಿಲ್ಲ. ರಕ್ತದ ಚೀಲ ಮುಗಿದ ಮೇಲೆ ನರ್ಸ್ ಬಂದು ಕೈಗೆ ಅಂಟಿಸಿದ್ದ ಪಟ್ಟಿ ಕಿತ್ತಳು. ಕೂಸು ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿತು, ಕಾಲು ಝಾಡಿಸಿತು, ಹಿಡಿದುಕೊಂಡಿದ್ದ ಅವ್ವನ ಕೆನ್ನೆಗೆ ಫಟ್ಟನೆ ಬಾರಿಸಿತು.

ಅವ್ವ ಆ ಪುಟ್ಟ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ಹೊಡಿ ನನ್ನವ್ವ," ಎಂದಳು. "ಇನ್ನೊಂದು ಹೊಡಿ."