ಇಬ್ಬರು ಅಣ್ಣಂದಿರ ಪಾಲು

ಯುದ್ಧದ ಬಗ್ಗೆ ಯಾರಾದರೂ ಎದೆಯುಬ್ಬಿಸಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೋಟೆಲಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಗಡಿ ಕಾಯುವ ಶೂರರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ನಾನು ಸಿಂದಗಿ ತಾಲೂಕಿನ ಭೀಮಾ ದಂಡೆಯವನು. ಹೊಳೆಯಲ್ಲಿ ಬೆಳೆದವನು ಎಂಬ ಒಂದೇ ಕಾರಣಕ್ಕೆ ಪಲ್ಟನ್ನಿನವರು ನನಗೆ ಮೋಟಾರು ದೋಣಿ ನಡೆಸುವ ಕೆಲಸ ಕೊಟ್ಟರು. ಗಡಿಯ ನದಿಯ ಸೇತುವೆಯನ್ನು ವೈರಿಗಳು ಶೆಲ್ ಹೊಡೆದು ಕೆಡವಿದ್ದರು. ಆಚೆ ದಂಡೆಯ ಚೌಕಿಗೆ ಮದ್ದುಗುಂಡು, ಹಿಟ್ಟು, ಬೇಳೆ ಒಯ್ಯಬೇಕು. ಬರುವಾಗ ಗಾಯಾಳುಗಳನ್ನು, ಕೆಲವೊಮ್ಮೆ ಹೆಣಗಳನ್ನು ತರಬೇಕು.

ಜೊತೆಗಿದ್ದವನು ಮರಳುಗಾಡಿನ ಹುಡುಗ. ಈಜು ಬಾರದು. ನೀರು ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಮುಂದೆ ಕೂತು ಬಂಡೆಗಳು ಎಲ್ಲಿವೆ ಎಂದು ಹೇಳುವುದು ಅವನ ಕೆಲಸ. ಆದರೆ ಅವನು ದೋಣಿಯ ನಟ್ಟನಡುವೆ ಮೂಟೆಗಳ ಸಂದಿಯಲ್ಲಿ ಹಗ್ಗ ಹಿಡಿದು ಕೂತು, ಅಲ್ಲಿಂದಲೇ ಕತ್ತು ಚಾಚಿ ಕೂಗುತ್ತಿದ್ದ. "ಹೊಸ ಮದುವಣಗಿತ್ತಿ" ಎಂದು ನಾನು ಕಾಡಿಸುತ್ತಿದ್ದೆ. ಅವನು ನನ್ನ ವಂಶವನ್ನೆಲ್ಲ ಬೈಯುತ್ತಿದ್ದ.

ನಮ್ಮ ಫೋನುಗಳನ್ನು ಕಸಿದಿಟ್ಟುಕೊಂಡಿದ್ದರು. ಅಂಥ ದಿನಗಳಲ್ಲಿ ನಮ್ಮ ಕಡೆಯ ಮಸೂತಿ ಎಂಬ ಊರಿನ ಹೆಂಗಸರು ಸೈನಿಕರಿಗೆಂದು ಕಳಿಸಿದ ಖಡಕ್ ರೊಟ್ಟಿ ನಮ್ಮವರೆಗೂ ಬಂತು. ನನ್ನ ಪಾಲಿನ ಗಂಟಿನಲ್ಲಿ ಒಂದು ಚೀಟಿ ಇತ್ತು: "ಅಣ್ಣಾರ, ರೊಟ್ಟಿ ಮುರದಿದ್ರ ನನಗ ಬೈಬ್ಯಾಡ್ರಿ, ದಾರ್ಯಾಗ ಒಗದವರಿಗೆ ಬೈರಿ. ತಿಂದವ್ರು ಯಾರಂತ ಬರೀರಿ." ಕೆಳಗೆ ವಿಳಾಸ. ನಾನು ಬರೆದೆ. ಅವಳೂ ಬರೆದಳು. ಮುಖ ನೋಡದ ಆ ಹೆಣ್ಣುಮಗಳ ಅಕ್ಷರಕ್ಕಾಗಿ ನಾನು ಕಾಯತೊಡಗಿದೆ.

ಶ್ರಾವಣ ಹತ್ತಿರವಾದಾಗ ಅವಳ ಇನ್ನೊಂದು ಪತ್ರ ಬಂತು. "ಪಂಚಮಿಗೆ ನಾಗಪ್ಪಗ ಹಾಲು ಎರಿಯುವಾಗ ಎಲ್ಲಾರೂ ದೇವರ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಅಂತಾರ. ನನಗ ಅಣ್ಣ ಇಲ್ಲ. ಅಲ್ಲಿಗೆ ಬಂದಾಗ ಬಾಯಿ ಮುಚ್ಚಗೊಂಡು ನಿಲ್ತೇನಿ. ಈ ಸಲ ನಿಮ್ಮ ಪಾಲು ಎರೀಲೇನ್ರಿ?" ಓದಿ ನನ್ನ ಕಣ್ಣು ತುಂಬಿದವು. ಎರಡು ಪಾಲು ಎರೆಯವ್ವ, ನನ್ನ ಗೆಳೆಯನಿಗೂ ಅಕ್ಕತಂಗಿಯರಿಲ್ಲ ಎಂದು ಬರೆದೆ. ಗೆಳೆಯ ನಕ್ಕು ನಕ್ಕು ಸುಸ್ತಾದ. "ನಾನು ಹಾವು ಕೊಂದವನು, ನನ್ನ ಹೆಸರಲ್ಲಿ ಹಾಲೇ?" ಎಂದ. ಆದರೆ ದಿನಾ ಕೇಳುತ್ತಿದ್ದ, ಪಂಚಮಿ ಯಾವಾಗ ಎಂದು.

ಪಂಚಮಿಯ ಮುಂಜಾನೆ ಅವನು ಸೀದಾ ದೋಣಿಯ ಮುಂತುದಿಗೆ ಹೋಗಿ ಕಾಲು ಇಳಿಬಿಟ್ಟು ಕೂತ. "ಇವತ್ತು ತಂಗಿ ಹಾಲು ಎರೆಯುತ್ತಾಳೆ. ಈ ನದಿ ನನ್ನನ್ನೇನು ಮಾಡೀತು?" ಎಂದು ನಕ್ಕ. ನಾನೂ ನಕ್ಕೆ.

ನದಿಯ ನಡುವೆ ಇದ್ದಾಗ ಮೊದಲ ಶೆಲ್ ನಮ್ಮ ಹಿಂದೆ ಬಿತ್ತು. ನೀರು ಗೋಡೆಯಂತೆ ಎದ್ದು, ಸತ್ತ ಮೀನುಗಳು ನನ್ನ ತಲೆಯ ಮೇಲೆ ಉದುರಿದವು. ಎರಡನೆಯದು ಮುಂದೆ ಬಿತ್ತು. ಹೊಗೆ ಸರಿದಾಗ ಅವನು ನನ್ನ ಕಡೆ ತಿರುಗಿದ್ದ, ಕೆಳದವಡೆ ಇರಲಿಲ್ಲ. ಹೊಟ್ಟೆ ಹರಿದಿತ್ತು. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಅವನನ್ನು ಹತ್ತಿರ ಎಳೆದುಕೊಂಡು ಇನ್ನೊಂದು ಕೈಯಿಂದ ಕರುಳನ್ನು ಒಳಕ್ಕೆ ಒತ್ತಿದೆ. ಬಿಸಿಯಾಗಿ ಜಾರುತ್ತಿತ್ತು. ಎದುರಿನ ಗುಡ್ಡದಿಂದ ಮಷಿನ್‌ಗನ್ ನೀರನ್ನು ಹೊಲಿಯುತ್ತ ಬಂತು. ಒಂದು ಗುಂಡು ನನ್ನ ಭುಜದ ಮಾಂಸ ಕಿತ್ತುಕೊಂಡು ಹೋಯಿತು. ಅವನ ಹಿಮ್ಮಡಿ ದೋಣಿಯ ತಳವನ್ನು ಬಡಿಯುತ್ತಲೇ ಇತ್ತು, ದಂಡೆ ಮುಟ್ಟುವ ಮೊದಲು ನಿಂತಿತು. ಅವನು ದಿನಾ ಅಡಗಿ ಕೂರುತ್ತಿದ್ದ ನಡುವಿನ ಮೂಟೆಗಳಲ್ಲಿ ಒಂದಕ್ಕೂ ತೂತು ಬಿದ್ದಿರಲಿಲ್ಲ. ಸ್ಟ್ರೆಚರ್ ತಂದವನು "ಅಮರನಾದ" ಎಂದ. ಹಾಗೆಂದವನ ಮೂಗಿಗೆ ಗುದ್ದಿದೆ. ರಕ್ತ ಬಂದರೂ ಬಿಡಲಿಲ್ಲ, ಬೇರೆಯವರು ಬಂದು ಎಳೆದರು.

ಮಸೂತಿಯಿಂದ ಮತ್ತೆ ಪತ್ರಗಳು ಬಂದವು. ಇಬ್ಬರದೂ ಪಾಲು ಎರೆದೆ, ಇಬ್ಬರೂ ಬರ್ರಿ ಎಂದಿದ್ದಳು. ಬರುತ್ತೇವೆ ಎಂದಷ್ಟೇ ಬರೆದೆ. ಸತ್ತನೆಂದು ಬರೆಯಲು ಕೈ ಏಳಲಿಲ್ಲ.

ಕದನ ನಿಂತ ಮೇಲೆ, ಮರುವರ್ಷದ ಪಂಚಮಿಗೆ, ಮನಗೂಳಿಯಲ್ಲಿ ಬಸ್ಸಿಳಿದು ಟಂಟಂ ರಿಕ್ಷಾ ಹಿಡಿದು ಅವಳ ಮನೆಗೆ ಹೋದೆ. ನನಗಿಂತ ಚಿಕ್ಕವಳು, ಕೈತುಂಬ ಹಸಿರು ಬಳೆ. ಎರಡು ಮಣೆ ಹಾಕಿ, ಎರಡು ತಾಟಿನಲ್ಲಿ ಶೇಂಗಾ ಉಂಡಿ ಇಟ್ಟಿದ್ದಳು.

"ಇನ್ನೊಬ್ಬ ಅಣ್ಣ ಎಲ್ಲಿ ಅದಾನ್ರಿ?"

ಹೇಳಿದೆ. ಯಾವ ದಿನ ಎಂಬುದನ್ನೂ ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಣ್ಣಾರ, ಖರೇ ಹೇಳ್ರಿ. ನಾ ಹಾಲು ಕಡಿಮಿ ಎರದ್ನೇನ್ರಿ?"

"ಇಲ್ಲವ್ವಾ, ಭಾಳ ಎರದಿದ್ದಿ. ಅವತ್ತ ಅವ ಹೊಳಿಗೆ ಅಂಜಲೇ ಇಲ್ಲ. ಎಲ್ಲಾರಗಿಂತ ಮುಂದ ಕುಂತಿದ್ದ."

ಅವಳ ಮುಖಕ್ಕೆ ಜೀವ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಖಾಲಿ ಮಣೆಯ ಮುಂದಿನ ತಾಟಿಗೆ ಇನ್ನೊಂದು ಉಂಡಿ ಇಟ್ಟಳು. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದಕ್ಕೇ ನನ್ನ ತಾಟಿನ ಉಂಡಿಯನ್ನೂ ಎತ್ತಿ ಅವನ ತಾಟಿಗೆ ಇಟ್ಟೆ.