ಮಲಗಿ ಮಾಡಿದ ಪೂಜೆ

ಕಳೆದ ವಾರ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋಗಿದ್ದೆ. ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ಪಕ್ಕದಲ್ಲಿ ಕೂತಿದ್ದವರ ಹಣೆಯ ವಿಭೂತಿಯ ವಾಸನೆಯೂ ಅದರೊಡನೆ ಸೇರಿತು. ಆ ಎರಡೂ ಕೂಡಿದರೆ ನನಗೆ ಹರಿಹರದ ನಮ್ಮ ಪಕ್ಕದ ಮನೆಯ ಅಜ್ಜಿ…

ನಾನಾಗ ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದೆ. ಹೊಳೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಅಜ್ಜಿಯ ತೊಡೆಯ ಮೂಳೆ ಮೊಣಕಾಲಿನ ಸ್ವಲ್ಪ ಮೇಲೆ ಮುರಿದಿತ್ತು. ದಾವಣಗೆರೆಯ ಆಸ್ಪತ್ರೆಗೆ ತಂದರು. ಮೊಣಕಾಲ ಕೆಳಗಿನ ಎಲುಬಿಗೆ ಕಬ್ಬಿಣದ ಕಡ್ಡಿ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯಲ್ಲಿ ತೂಕದ ಕಲ್ಲು ಇಳಿಬಿಟ್ಟಿದ್ದರು. ಆ ಎಳೆತದಲ್ಲೇ ಮೂಳೆ ಕೂಡಬೇಕು, ತಿಂಗಳುಗಟ್ಟಲೆ ಏಳುವಂತಿಲ್ಲ. ಈ ವಯಸ್ಸಿನವರಿಗೆ ಮಲಗಿದಲ್ಲೇ ಕಫ ಕಟ್ಟುತ್ತದೆ, ಹೊಟ್ಟೆಗೂ ಏನೂ ಬೀಳದಿದ್ದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಜೊತೆಗಿದ್ದ ಅಜ್ಜಿಯ ಸೊಸೆಯನ್ನು ಹೊರಗೆ ಕರೆದು ಹೇಳಿದರು.

ಅಜ್ಜಿ ಹನಿ ನೀರೂ ಮುಟ್ಟುತ್ತಿರಲಿಲ್ಲ. ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು, ನೆಟ್ಟಗೆ ಕೂತು ಪೂಜಿಸದೆ ಅವರು ಎಂದೂ ಉಂಡವರಲ್ಲ.

"ಆ ಕಲ್ಲು ಬಿಚ್ಚೇ. ಒಂದ್ ಗಳಿಗಿ ಕೂಡ್ರಿಸು."

"ಬಿಚ್ಚಿದ್ರೆ ಮೂಳೆ ಜಾರ್ತೈತಂತೆ ಅತ್ತಿ. ಮಲಗೇ ಮಾಡ್ರಿ."

"ಮಲಗಿ ಮಾಡೋದು ಪೂಜೆ ಏನೇ? ನಿದ್ದಿ ಅಂತಾರೆ ಅದಕ್ಕೆ."

ಮರುದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಅಜ್ಜಿಯ ತುಟಿ ಒಡೆದಿತ್ತು, ಉಸಿರಿನಲ್ಲಿ ಗೊರಗೊರ ಸದ್ದಿತ್ತು. ಸೊಸೆ ಹಗ್ಗದ ಗಂಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಅವರು ಕೈ ತೆಗೆದರು. ಸೆರಗು ಬಿಗಿದುಕೊಂಡು, ಮಂಚದ ಪಕ್ಕದ ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿದರು. ತಮ್ಮ ಕೊರಳ ಲಿಂಗವನ್ನು ಬಿಚ್ಚಿ, ಎದೆಯ ಮೇಲೆ ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚತೊಡಗಿದರು.

"ಏಳೇ. ಮಂದಿ ನೋಡ್ತಾರೆ," ಎಂದರು ಅಜ್ಜಿ.

"ನೀವು ಎದ್ದು ಕೂತ ದಿನ ನಾನೂ ಕೂತು ಮಾಡ್ತೀನ್ರಿ."

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದರು. ನೆಲದ ಮೇಲಿನ ಪೂಜೆ ಮುಗಿಯಿತು. ಆಮೇಲೆ ಅಜ್ಜಿ ಗೋಡೆಯ ಕಡೆ ನೋಡುತ್ತಲೇ, "ಕೈಗೆ ನೀರು ಹಾಕು," ಎಂದರು. ಮಲಗಿದಲ್ಲೇ ಪೂಜೆ ಮಾಡಿ ಆ ದಿನ ಗಂಜಿ ಕುಡಿದರು.

ಅಜ್ಜಿ ಉಳಿದರು. ಆ ಮೊಣಕಾಲು ಮಾತ್ರ ಮತ್ತೆ ಮಡಚಲು ಬರಲಿಲ್ಲ. ಕೋಲು ಹಿಡಿದು ನಡೆದರು, ಕಾಲು ಚಾಚಿಕೊಂಡು ಕೂತು ಪೂಜಿಸಿದರು.

ಹೋದ ವರ್ಷ ಅವರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕಾಲು ಮಡಿಸಿ ಕೂಡಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುತ್ತಾರೆ. ಮೊನ್ನೆ ಹರಿಹರಕ್ಕೆ ಹೋದಾಗ ಸೊಸೆ ಹೇಳಿದರು: "ಆ ಕಾಲು ಒತ್ತಿ ಮಡಿಸಾಕೆ ಹೋದ್ರು. ಬ್ಯಾಡ, ನೋವಾಗ್ತೈತಿ ಅಂದೆ. ಗುಂಡಿ ಇನ್ನಷ್ಟು ಅಗಲ ತೆಗೆಸಿದೆ."

ಹೇಳಿ ಒಳಗೆ ಹೋದರು.