ಕೋಟೆ ಜಾತ್ರೆಯಲ್ಲಿ ಪದ್ದಮ್ಮನ ವಡೆ

ಪದ್ದಮ್ಮ ಅಡಿಗೆಯ ಉಪ್ಪನ್ನು ಕಿವಿಯಿಂದ ನೋಡುತ್ತಿದ್ದರು. ಕುದಿಯುವ ಪಾತ್ರೆಯ ಕಡೆಗೆ ಬಲಗಿವಿ ಕೊಟ್ಟು, ಕಣ್ಣು ಮುಚ್ಚಿ, ಫೋನಿನಲ್ಲಿ ಯಾರದೋ ಮಾತು ಕೇಳುವವರ ಹಾಗೆ ನಿಲ್ಲುವರು. ಆಮೇಲೆ, "ಹಗುರಾಗಿ ಕೂಗ್ತಿದೆ ಕಣ್ರೀ, ಇನ್ನೊಂದು ಚಿಟಿಕೆ ಹಾಕಿ" ಅನ್ನುವರು. ನಾಲಿಗೆಗೆ ಮಾತ್ರ ಒಂದು ತೊಟ್ಟೂ ಮುಟ್ಟಿಸುತ್ತಿರಲಿಲ್ಲ. ಮೊದಲ ಸಲ ನನ್ನ ಒಲೆಯ ಮುಂದೆ ನಿಂತು ನನ್ನ ಸಾರಿಗೇ ಹೀಗೆ ಹೇಳಿದಾಗ ನನಗೆ ಸಿಟ್ಟು ಬಂತು. ರುಚಿ ನೋಡಿದೆ, ಉಪ್ಪು ಕಡಿಮೆಯೇ ಇತ್ತು. ಮಾಯ ಮಂತ್ರ ಏನೂ ಅಲ್ಲ, ಐದು ಸಲಕ್ಕೊಮ್ಮೆ ತಪ್ಪುತ್ತಲೂ ಇತ್ತು. ತಪ್ಪಿದ ದಿನ, "ನಿಮ್ಮ ಪಾತ್ರೆಯ ತಳ ಸರಿಯಿಲ್ಲ" ಅಂದುಬಿಡುತ್ತಿದ್ದರು.

ನಾವಿಬ್ಬರೂ ಸಿಕ್ಕಿದ್ದು ಪರದೇಶದ ಈ ಕ್ಲಾಂಡಾಲ್ಕಿನ್ ಊರಿನಲ್ಲಿ, ಮೊಮ್ಮಕ್ಕಳ ಶಾಲೆಯ ಗೇಟಿನ ಹತ್ತಿರ. ನಾನು ಮದ್ದೂರಿನ ಕಡೆಯವಳು, ಮಗಳ ಮನೆಯಲ್ಲಿದ್ದೇನೆ. ಅವರು ಮೈಸೂರಿನ ಅಗ್ರಹಾರದವರು, ಅವರ ಮಗಳು ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಗುಬ್ಬಿಯಷ್ಟು ದೇಹ, ಹತ್ತಿ ಸೀರೆ, ಅದರ ಮೇಲೆ ಮೊಣಕಾಲಿನವರೆಗೂ ಬರುವ ಮಗಳ ಹಳೇ ಜಾಕೆಟ್ಟು. ನಾನು ಕೋಳಿ ತಿನ್ನುವವಳು ಎಂದು ಮೊದಲ ದಿನವೇ ಹೇಳಿಬಿಟ್ಟೆ, ಆಮೇಲೆ ಗೊತ್ತಾಗಿ ಮುಖ ತಿರುಗಿಸುವುದು ಬೇಡ ಅಂತ. "ಧಾರಾಳವಾಗಿ ತಿನ್ರಿ, ನನ್ನನ್ನ ತಿನ್ನಬೇಡಿ ಅಷ್ಟೇ" ಅಂದರು. ಅಲ್ಲಿಂದ ನಮಗೆ ಹೊಂದಿಕೊಂಡಿತು.

ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವರು. ಮಗಳನ್ನು ಓದಿಸಿದ್ದು ತಿಥಿ ಅಡಿಗೆ ಮಾಡಿ. ಮೈಸೂರಿನಲ್ಲಿ ಯಾರ ಮನೆಯಲ್ಲಿ ತಿಥಿಯಿದ್ದರೂ ಪದ್ದಮ್ಮನಿಗೇ ಕರೆ. ತಿಥಿಯ ಅಡಿಗೆ ಮೊದಲು ಹಿರಿಯರಿಗೆ ಹೋಗಬೇಕು, ಮಾಡುವವರು ರುಚಿ ನೋಡುವಂತಿಲ್ಲ. ಅದಕ್ಕೇ ಆ ಕಿವಿಯ ಅಭ್ಯಾಸ. ಆದರೆ ಮದುವೆ, ಮುಂಜಿ, ನಾಮಕರಣಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಬೆಳಿಗ್ಗೆ ಬೀದಿಯಲ್ಲಿ ಎದುರಾದವರು, "ಇವತ್ತು ಯಾರ ಮನೇದು ಪದ್ದಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸರಿದು ಹೋಗುತ್ತಿದ್ದರಂತೆ. ಮಗಳ ಮದುವೆಯಲ್ಲೂ ಬೇರೆ ಅಡಿಗೆಯವರು. ಇವರು ಆ ಒಲೆಯ ಹತ್ತಿರ ಹೋಗಲೇ ಇಲ್ಲ.

"ನನ್ನ ಕೈ ಊಟ ಉಂಡವರೆಲ್ಲ ತಲೆ ತಗ್ಗಿಸಿಕೊಂಡು ಉಂಡವರೇ ಕಣ್ರೀ ತಾಯಮ್ಮ" ಎಂದರು ಒಂದು ದಿನ, ಶಾಲೆಯ ಗೋಡೆಯ ಮೇಲೆ ಕೂತಿದ್ದಾಗ. "ಸಂತೋಷದ ಮನೆಗೆ ಒಂದೇ ಒಂದು ಸಲ ಅಡಿಗೆ ಮಾಡಬೇಕು ಅಂತ ಆಸೆ. ಯಾರ ಹತ್ರಾನೂ ಹೇಳಬೇಡಿ, ನಗ್ತಾರೆ."

ನಾನು ನಗಲಿಲ್ಲ. ಈ ಊರಿನ ಕನ್ನಡದವರ ಯುಗಾದಿ ಕೂಟಕ್ಕೆ ಅವರನ್ನು ಎಳೆದುಕೊಂಡು ಹೋದೆ. ಒಂದು ಡಬ್ಬಿ ಹೋಳಿಗೆ ಮಾಡಿ ತಂದಿದ್ದರು. ಮೈಸೂರಿನವಳೊಬ್ಬಳು ಅವರನ್ನು ಗುರುತು ಹಿಡಿದು ಪಕ್ಕದವಳ ಕಿವಿಯಲ್ಲಿ ಏನೋ ಊದಿದಳು. ಡಬ್ಬಿ ಮುಚ್ಚಳ ತೆಗೆಯದೆ ವಾಪಸು ಬಂತು. ದೇಶ ಬಿಟ್ಟು ಬಂದರೂ ಆ ಬುದ್ಧಿಯನ್ನು ಪಾಸ್‌ಪೋರ್ಟಿನ ಜೊತೆಗೇ ತಂದುಕೊಂಡಿದ್ದಾರೆ. ಆ ಹೋಳಿಗೆಯನ್ನು ನಾನು ಬಸ್ಸಿನಲ್ಲಿ ಕೂತು ತಿಂದೆ. ಸ್ವಲ್ಪ ಒಣಗಿತ್ತು, ಆದರೆ ಒಳ್ಳೆಯ ಹೋಳಿಗೆ.

ನಮ್ಮ ಪಕ್ಕದ ಮನೆಯ ಬ್ರೀಡಾ ಎಪ್ಪತ್ತು ದಾಟಿದ ವಿಧವೆ. ಊರಾಚೆಯ ಹಳೇ ಕೋಟೆಯ ಬಯಲಿನಲ್ಲಿ ಪ್ರತಿ ಬೇಸಿಗೆಗೆ ಒಂದು ಜಾತ್ರೆ ನಡೆಯುತ್ತದೆ. ಎಂಟುನೂರು ವರ್ಷದ ಹಿಂದೆ ರಾಜರ ಕಾಲದಲ್ಲಿ ಹೇಗಿತ್ತೋ ಹಾಗೆ ಉಡುಗೆ, ಹಾಗೆ ಅಡಿಗೆ. ಅಲ್ಲಿನ ಅಡಿಗೆ ಡೇರೆ ಬ್ರೀಡಾಳದು. ಆ ವರ್ಷ ಅವಳ ಕೈಯಾಳುಗಳಿಬ್ಬರು ಕಾಯಿಲೆ ಬಿದ್ದರು. ನಮ್ಮಿಬ್ಬರನ್ನು ಕರೆಯಲು ಒಂದು ಪಟ್ಟಿ ಹಿಡಿದುಕೊಂಡು ಬಂದಳು. ಅದನ್ನು ನಮಗೆ ಓದಿ ಹೇಳಿದ್ದು ಕಾವ್ಯ. ಸ್ಯಾಂಡಿಫರ್ಡ್ ಕಡೆಯ ಆಫೀಸಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ, ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಳು, ಆಗ ಐದು ತಿಂಗಳ ಬಸುರಿ. ನಮಗೆ ಕಾರೂ ಅವಳೇ, ಇಂಗ್ಲಿಷೂ ಅವಳೇ.

"ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ, ಮೆಣಸಿನಕಾಯಿ ಇಲ್ಲ. ಆ ಕಾಲದಲ್ಲಿ ಇವೆಲ್ಲ ಈ ದೇಶಕ್ಕೆ ಬಂದೇ ಇರಲಿಲ್ಲವಂತೆ" ಎಂದಳು ಕಾವ್ಯ. "ಕರಿಮೆಣಸು ಓಕೆ. ಟೀ ಇಲ್ಲ."

"ಟೀ ಇಲ್ಲದೆ ಎಂಟುನೂರು ವರ್ಷ ಹೆಂಗಿದ್ರವ್ವಾ ಇವ್ರು?" ಅಂದೆ. "ಮೆಣಸಿನಕಾಯಿ ಇಲ್ಲದೆ ನಾನೇನು ಮಾಡ್ಲಿ? ನನ್ನ ಕೈಲಾಗಕಿಲ್ಲ."

ಪದ್ದಮ್ಮ ಪಟ್ಟಿಯನ್ನು ಇನ್ನೊಂದು ಸಲ ಓದಿಸಿದರು. "ಆಗುತ್ತೆ. ನಾನು ಮಾಡ್ತೀನಿ" ಅಂದರು. ಅವರು ತಾವಾಗಿ ಹಾಗೆ ಮುಂದೆ ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಜಾತ್ರೆಯ ದಿನ ಮಳೆ ಇರಲಿಲ್ಲ, ಅದೇ ಒಂದು ವಿಶೇಷ. ಬಯಲಿನ ತುಂಬ ಕಬ್ಬಿಣದ ಅಂಗಿ ತೊಟ್ಟ ಗಂಡಸರು ಕತ್ತಿ ಹಿಡಿದು ಒಬ್ಬರನ್ನೊಬ್ಬರು ಬಡಿಯುತ್ತಿದ್ದರು. ಒಬ್ಬನನ್ನು ಮರದ ಹಲಗೆಗೆ ಕುತ್ತಿಗೆ ಸಿಕ್ಕಿಸಿ ನಿಲ್ಲಿಸಿದ್ದರು, ಮಕ್ಕಳು ಅವನ ಮುಖಕ್ಕೆ ನೀರಿನ ಸ್ಪಂಜು ಎಸೆಯುತ್ತಿದ್ದರು, ಅವನು ಇನ್ನೂ ಎಸೆಯಿರಿ ಅನ್ನುತ್ತಿದ್ದ. ಬ್ರೀಡಾ ಗೋಣಿ ಬಣ್ಣದ ನಿಲುವಂಗಿ ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು. ನನ್ನ ಕೈಗಡಿಯಾರ ಬಿಚ್ಚಿಸಿದಳು. ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, "ಗ್ರ್ಯಾಂಡ್" ಅಂದಳು. ಫ್ಲಾಸ್ಕಿನಲ್ಲಿ ಟೀ ತಂದು ಮಡಿಸಿಟ್ಟ ಜಾಕೆಟ್ಟಿನೊಳಗೆ ಬಚ್ಚಿಟ್ಟಿದ್ದೆ, ಅದು ಅವಳಿಗೆ ಕಾಣಲಿಲ್ಲ.

ಪದ್ದಮ್ಮ ಸೌದೆ ಒಲೆಯ ಮುಂದೆ ನಿಂತದ್ದೇ ಬೇರೆ ಹೆಂಗಸಾದರು. ನೆನೆಸಿದ ಬಟಾಣಿ ಬೇಳೆಯನ್ನು ಕಲ್ಲಿನಲ್ಲಿ ನನ್ನಿಂದ ಅರೆಸಿದರು. ಬೆಣ್ಣೆ ಕಾಯಿಸಿ ಕಬ್ಬಿಣದ ಕೊಪ್ಪರಿಗೆಯಲ್ಲಿ ತುಪ್ಪ ಮಾಡಿದರು. ಬೇಳೆಗೆ ಜಜ್ಜಿದ ಮೆಣಸು, ಜೀರಿಗೆ, ಶುಂಠಿ. ಈರುಳ್ಳಿ ಹಾಕಬಹುದು ಎಂದು ಬ್ರೀಡಾ ತೋರಿಸಿದರೂ ಮುಟ್ಟಲಿಲ್ಲ. ಇನ್ನೊಂದು ಒಲೆಯಲ್ಲಿ ಬಾರ್ಲಿ, ಹಾಲು, ಜೇನುತುಪ್ಪದ ಪಾಯಸ. ಕಿವಿ ಕೊಟ್ಟು ಕೇಳುವುದು, ಸೌದೆ ಹಿಂದಕ್ಕೆ ಎಳೆಯುವುದು, ನನ್ನನ್ನು ಬೈಯುವುದು. "ಏನ್ರೀ, ಬೇಳೆ ಅರೀತಿದೀರೋ ಸವರ್‍ತಿದೀರೋ?" ಡೇರೆಯ ಮುಂದೆ ಜನ ಸಾಲುಗಟ್ಟಿದರು.

ಮೊದಲ ವಡೆಗಳನ್ನು ತೆಗೆದು ಮರದ ತಟ್ಟೆಗೆ ಹಾಕಿದರು. ಕಾವ್ಯ ಒಂದು ತೆಗೆದುಕೊಂಡಳು, ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡ ಕೂಡಲೇ ಗೊತ್ತಾಯಿತು. ನಾನು ಚಿಕ್ಕವಳಿದ್ದಾಗ ನಮ್ಮೂರ ಶಾನುಭೋಗರ ಮನೆಯಲ್ಲಿ ತಿಥಿಯ ಮಾರನೆಯ ದಿನ ನಮಗೆ ವಡೆ ಕೊಡುತ್ತಿದ್ದರು. ಅದೇ ಮೆಣಸು, ಅದೇ ಘಾಟು.

"ಅಯ್ಯೋ ಪದ್ದಮ್ಮ, ಇದು ತಿಥಿ ವಡೆ ಅಲ್ವರಾ!" ಎಂದು ಕೂಗಿಬಿಟ್ಟೆ.

ಕಾವ್ಯಳ ಕೈಯಲ್ಲಿ ವಡೆ ಅರ್ಧಕ್ಕೇ ನಿಂತಿತ್ತು. ಪದ್ದಮ್ಮ ಅದನ್ನು ಕಿತ್ತುಕೊಂಡರು.

"ನೀನು ತಿನ್ನಬೇಡ. ಬಸುರಿ ಹುಡುಗಿ. ನಿನಗೆ ಅಂತ ಬೇರೆ ಡಬ್ಬೀಲಿ ಚಪಾತಿ ತಂದಿದೀನಿ."

ಕಾವ್ಯಳಿಗೆ ಅರ್ಥವಾಗಲಿಲ್ಲ. "ಯಾಕೆ ಆಂಟಿ, ಏನಾಯ್ತು?"

"ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ ಅಂದ್ರೆ ತಿಥಿ ಅಡಿಗೇನೇ ತಾನೆ? ನನಗೆ ಬರೋದೂ ಅದೇ." ಅವರ ಧ್ವನಿ ಸಣ್ಣಗಾಗಿತ್ತು. "ಈ ಊರಿನೋರಿಗೆ ಏನು ಗೊತ್ತಾಗುತ್ತೆ ಅಂತ ಆಸೆಗೆ ಬಿದ್ದು ಒಪ್ಕೊಂಡೆ. ಸಂಭ್ರಮದ ಜಾಗಕ್ಕೆ ತಂದು ಇದನ್ನ ಬಡಿಸ್ತಿದೀನಲ್ಲ, ನನಗೆ ಬುದ್ಧಿ ಇಲ್ಲ. ಒಲೆ ಆರಿಸಿ ತಾಯಮ್ಮ."

ನನ್ನ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸಿತು. ಆ ಯುಗಾದಿಯವಳು ಕಿವಿಯಲ್ಲಿ ಊದಿದ್ದನ್ನು ನಾನು ಬಯಲಿನಲ್ಲಿ ನಿಂತು ಕೂಗಿದ್ದೆ. ವ್ಯತ್ಯಾಸ ಅಷ್ಟೇ.

ಸಾಲು ಯಾಕೆ ನಿಂತಿತು ಎಂದು ಬ್ರೀಡಾ ಬಂದಳು. ಕಾವ್ಯ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಇದು ನಮ್ಮಲ್ಲಿ ಸತ್ತವರ ದಿನ ಮಾಡುವ ಊಟ ಅಂತ. ಬ್ರೀಡಾ ವಡೆಯನ್ನೂ ಪದ್ದಮ್ಮನನ್ನೂ ಒಂದಾದ ಮೇಲೆ ಒಂದು ನೋಡಿದಳು. ಆಮೇಲೆ ಅವಳು ಹೇಳಿದ್ದನ್ನು ಕಾವ್ಯ ನಮಗೆ ಕನ್ನಡಕ್ಕೆ ತಿರುಗಿಸಿದಳು.

"ಅವರ ಗಂಡನ್ನ ಮಣ್ಣು ಮಾಡಿ ಬಂದ ದಿನ ಮನೆ ತುಂಬ ಜನ ಇದ್ರಂತೆ. ಸ್ಯಾಂಡ್‌ವಿಚ್ ತಿಂದು, ಟೀ ಕುಡಿದು, ಹಾಡು ಬೇರೆ ಹೇಳಿದ್ರಂತೆ. ಆ ಮನುಷ್ಯ ಇದ್ದಾಗ ಮನೇಲಿ ಅಷ್ಟು ನಗು ಇರಲಿಲ್ಲ ಅಂತಿದಾರೆ. ಇವಾಗ ಹಸಿದಿರೋ ಜನ ಹೊರಗಡೆ ಕಾಯ್ತಿದಾರಂತೆ, ಪ್ಲೀಸ್ ಅಂತೆ."

ಬ್ರೀಡಾ ಬಿಸಿ ವಡೆಯನ್ನು ಇಡಿಯಾಗಿ ಬಾಯಿಗೆ ತುಂಬಿ, ನಾಲಿಗೆ ಸುಟ್ಟುಕೊಂಡು ಕುಣಿದಳು. ಪದ್ದಮ್ಮ ಮಿಸುಕಲಿಲ್ಲ.

ಕಾವ್ಯ ಕೈ ಚಾಚಿದಳು. "ಆಂಟಿ, ನನ್ನ ವಡೆ ಕೊಡಿ. ಹಸೀತಿದೆ."

"ನಿಮ್ಮ ಅತ್ತೆಗೆ ಗೊತ್ತಾದ್ರೆ?"

"ಅತ್ತೆ ಬೆಂಗಳೂರಲ್ಲಿದಾರೆ. ನೀವು ಫೋನ್ ಮಾಡಿ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ?"

"ತಾಯಮ್ಮ ಆಂಟಿ ಹೇಳ್ತಾರಾ?"

"ನನ್ನ ಬಾಯಿ ಇವತ್ತಿನ ಕೆಲಸ ಮುಗಿಸೈತೆ" ಅಂದೆ.

ಪದ್ದಮ್ಮ ಕೊಡಲಿಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಕಾವ್ಯ ಬಗ್ಗಿ ಅವರ ಕೈಯಿಂದಲೇ ಕಚ್ಚಿ ತಿಂದಳು, ಮೇವು ಕಿತ್ತುಕೊಳ್ಳುವ ಕರುವಿನ ಹಾಗೆ. ಪದ್ದಮ್ಮ ಆ ಖಾಲಿ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಒಲೆಯ ಕಡೆ ತಿರುಗಿ, "ತುಪ್ಪದಲ್ಲಿ ಹೊಗೆ ಬರ್ತಿದೆ, ಏನ್ ನೋಡ್ಕೊಂಡು ನಿಂತಿದೀರಿ? ತಟ್ಟಿ ಕೊಡಿ" ಎಂದು ನನ್ನ ಮೇಲೆ ರೇಗಿದರು.

ಬಡಿಸಲು ಬ್ರೀಡಾ ಮತ್ತು ಕಾವ್ಯ ಹೊರಗೆ. ನಾವಿಬ್ಬರೂ ಡೇರೆಯೊಳಗೆ. ಹೊರಗೆ ಜೋರಾಗಿ ನಗು ಎದ್ದಿತು. ಪದ್ದಮ್ಮ ಬೆಚ್ಚಿದರು.

"ಏನಾಯ್ತು? ಯಾಕೆ ನಗ್ತಿದಾರೆ?"

"ಏನೂ ಆಗಿಲ್ಲ. ತಿಂತಾವ್ರೆ."

"ತಿಂತಾ ನಗ್ತಾರಾ?"

"ನಗದೇ ಇನ್ನೇನು ಮಾಡ್ತಾರೆ?"

ಡೇರೆಯ ಬಟ್ಟೆಯನ್ನು ಒಂದು ಗೇಣು ಸರಿಸಿ ನೋಡಿದರು. ಕಬ್ಬಿಣದ ಅಂಗಿಯವನೊಬ್ಬ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಪಾಯಸದ ಬಟ್ಟಲನ್ನು ಬೆರಳಿನಿಂದ ಬಳಿಯುತ್ತಿದ್ದ. ಪಕ್ಕದವನು ಅದೇನೋ ಅಂದ, ಇವನು ನಕ್ಕು ಗಡ್ಡದ ಮೇಲೆಲ್ಲ ಪಾಯಸ ಚೆಲ್ಲಿಕೊಂಡ. ಪದ್ದಮ್ಮ ಜಾಲರಿ ಸೌಟು ಹಿಡಿದುಕೊಂಡು ಹಾಗೇ ನಿಂತರು. ಒಲೆಯ ಮೇಲಿದ್ದ ವಡೆಯೆಲ್ಲ ಕರ್ರಗಾಯಿತು. ನಾನು ಕರೆಯಲಿಲ್ಲ. ಅವರು ಅಡಿಗೆ ಸೀಯಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸು ಬರುವಾಗ ಕಾವ್ಯ ಕಾರು ಓಡಿಸುತ್ತಾ, "ಪದ್ದಮ್ಮ ಆಂಟಿ, ನನ್ನ ಸೀಮಂತಕ್ಕೆ ಅಡಿಗೆ ನಿಮ್ಮದೇ" ಅಂದಳು. ಹಿಂದಿನ ಸೀಟಿನಲ್ಲಿ ಕದ್ದು ಟೀ ಕುಡಿಯುತ್ತಿದ್ದ ಪದ್ದಮ್ಮ ನೆಟ್ಟಗೆ ಕೂತರು.

"ಹೀಗೆ ಕಾರಲ್ಲಿ ಕರೆದ್ರೆ ಬರೋಳಲ್ಲ ನಾನು. ಮನೆಗೆ ಬಂದು ಅಕ್ಷತೆ ಕೊಟ್ಟು ಕರೀಬೇಕು."

ಮಾರನೆಯ ದಿನವೇ ಕಾವ್ಯ ಅರಿಶಿನದಲ್ಲಿ ಅಕ್ಕಿ ಕಲಸಿಕೊಂಡು ಹೋಗಿ ಕರೆದು ಬಂದಳು. ಅರಿಶಿನ ಹೆಚ್ಚಾಗಿ ಕೈಯೆಲ್ಲ ಹಳದಿ.

ಅದಾದ ಸ್ವಲ್ಪ ದಿನಕ್ಕೆ ಅವರ ಮಗಳಿಗೆ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು. ಪದ್ದಮ್ಮನೂ ಹೋದರು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿಂದ ದಿನವೂ ಫೋನು, ಬರೀ ಸೀಮಂತದ ಅಡಿಗೆಯದೇ ಮಾತು. ಒಂದು ದಿನ ಚಿರೋಟಿ, ಮಾರನೆಯ ದಿನ ಅದು ಬೇಡ ಹಯಗ್ರೀವ. "ಹುಳಿಗೆ ಆಲೂಗಡ್ಡೆ ಹಾಕ್ತೀನಿ ತಾಯಮ್ಮ, ಮೆಣಸಿನಕಾಯೀನೂ ಹಾಕ್ತೀನಿ!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದರು. ಸಾಕು ಫೋನ್ ಇಡಿ, ನನಗೆ ಕೆಲಸವಿದೆ ಎಂದು ನಾನೇ ಎಷ್ಟೋ ಸಲ ಇಟ್ಟಿದ್ದೇನೆ.

ಸೀಮಂತಕ್ಕೆ ಎರಡು ವಾರ ಇರುವಾಗ, ಮಧ್ಯಾಹ್ನ ಕುರ್ಚಿಯಲ್ಲಿ ಕೂತಿದ್ದವರು ಏಳಲಿಲ್ಲ. ಹೃದಯ ನಿಂತಿತ್ತು ಎಂದು ಮಗಳು ಹೇಳಿದಳು. ನಾನೂ ಬ್ರೀಡಾಳೂ ಬಸ್ಸಿನಲ್ಲಿ ಹೋಗಿ ಬಂದೆವು. ದಾರಿಯಲ್ಲಿ ಬ್ರೀಡಾ ಸ್ಯಾಂಡ್‌ವಿಚ್ ಕೊಟ್ಟಳು, ತಿಂದೆ.

ಸೀಮಂತ ಒಂದು ಬಾಡಿಗೆ ಹಾಲಿನಲ್ಲಿ ನಡೆಯಿತು. ಕಾವ್ಯಳ ಅತ್ತೆ ಬೆಂಗಳೂರಿನಿಂದ ಬಂದಿದ್ದರು, ಊಟ ಹೋಟೆಲಿನವರದು. ಹಿಂದಿನ ದಿನ ಕಾವ್ಯ ನನ್ನ ಮನೆಗೆ ಬಂದು ಒಂದು ಮಾತು ಕೇಳಿ ಹೋಗಿದ್ದಳು. ಬೆಳಿಗ್ಗೆ ಎದ್ದು ಬಟಾಣಿ ಬೇಳೆ ಅರೆದು, ಮೆಣಸು ಜಜ್ಜಿ, ತುಪ್ಪದಲ್ಲಿ ಕರಿದು ತೆಗೆದುಕೊಂಡು ಹೋದೆ. ಅವರ ಕೈಯಂತೆ ಬರಲಿಲ್ಲ. ನಡುವೆ ಗಟ್ಟಿ, ಉಪ್ಪು ಒಂದು ಕೈ ಹೆಚ್ಚು.

ಎಲೆಯ ತುದಿಗೆ ಬಡಿಸುತ್ತಾ ಬರುವಾಗ ಅತ್ತೆ ಒಂದನ್ನು ಮುರಿದು ನೋಡಿದರು. ಕೈ ಹಿಂದಕ್ಕೆ ತೆಗೆದರು.

"ಏನ್ರೀ ಇದು, ತಿಥಿ ವಡೆ ಇದ್ದ ಹಾಗಿದೆ?"

"ಹೌದು" ಅಂದೆ. "ಪದ್ದಮ್ಮನ ವಡೆ. ತಿನ್ನಿ."

ಅವರು ಸೊಸೆಯ ಕಡೆ ತಿರುಗಿದರು. ಕಾವ್ಯಳ ಬಾಯಿ ತುಂಬಿತ್ತು. ಮಾತಾಡಲಾಗದೆ ನನ್ನ ಕಡೆ ಕೈ ಚಾಚಿ, ಇನ್ನೊಂದು ಹಾಕಿ ಎಂದು ಎಲೆ ತೋರಿಸಿದಳು.